ಯಾವ ಗೇಮ್ ಎಂಜಿನ್ ಅಗ್ಗ? ಮೊದಲು ಶೇಕಡಾ 5ರ ಭಯ ಬಿಡಿ

ಈ ಸಲದ ಪ್ರಶ್ನೆ ಅರಸೀಕೆರೆಯಿಂದ ಬಂದಿದೆ: “ಸರ್, ನಾವು ಇಬ್ಬರು ಗೆಳೆಯರು ಸೇರಿ ಒಂದು ಆಟ ಮಾಡುತ್ತಿದ್ದೇವೆ. ಯೂನಿಟಿ, ಅನ್‌ರಿಯಲ್, ಗೊಡಾಟ್ ಮೂರರಲ್ಲಿ ಯಾವುದು ಅಗ್ಗ? ಅನ್‌ರಿಯಲ್‌ನಲ್ಲಿ ಮಾಡಿದರೆ ಬಂದ ಹಣದಲ್ಲೆಲ್ಲ ಶೇಕಡಾ 5 ಅವರಿಗೇ ಹೋಗುತ್ತದಂತೆ, ನಿಜವೇ?”

ಈ ಮೂರೂ ಗೇಮ್ ಎಂಜಿನ್‌ಗಳು, ಅಂದರೆ ಕಂಪ್ಯೂಟರ್ ಮತ್ತು ಮೊಬೈಲ್ ಆಟಗಳನ್ನು ಕಟ್ಟಲು ಬಳಸುವ ತಂತ್ರಾಂಶಗಳು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಹಾಸನದಲ್ಲಿ ನಾನು ಭಾನುವಾರ ನಡೆಸುವ ತರಗತಿಗೆ ಹೊಸಬರು ಬಂದಾಗಲೆಲ್ಲ ಮೊದಲ ದಿನವೇ ಇದು ಏಳುತ್ತದೆ. ಬೇಲೂರಿನವರೂ ಕೇಳುತ್ತಾರೆ, ಚನ್ನರಾಯಪಟ್ಟಣದವರೂ ಕೇಳುತ್ತಾರೆ. ಒಮ್ಮೆ ಸರಿಯಾಗಿ ಬರೆದಿಟ್ಟರೆ ಮುಂದೆ ಬಂದವರ ಕೈಗೆ ಇದನ್ನೇ ಕೊಡಬಹುದು.

ನೇರ ಉತ್ತರ ಇಷ್ಟು: ನಿಮ್ಮಿಬ್ಬರ ಮಟ್ಟಿಗೆ ಮೂರೂ ಉಚಿತ. ಗೊಡಾಟ್ ಅರ್ಜೆಂಟೀನಾದ ಇಬ್ಬರು ಕಟ್ಟಿದ ಎಂಜಿನ್. 2014ರಲ್ಲಿ ಅದು ಎಂಐಟಿ ಪರವಾನಗಿಯಡಿ ಮುಕ್ತ ತಂತ್ರಾಂಶವಾಯಿತು. ನಿಮ್ಮ ಆಟ ಕೋಟಿ ಗಳಿಸಿದರೂ ಅವರಿಗೆ ಒಂದು ಪೈಸೆ ಸಲ್ಲಬೇಕಿಲ್ಲ. ಪರವಾನಗಿಯ ಒಕ್ಕಣೆಯನ್ನು ಆಟದೊಂದಿಗೆ ಸೇರಿಸಿದರೆ ಸಾಕು. ಯೂನಿಟಿಯ ಪರ್ಸನಲ್ ಆವೃತ್ತಿ ಹಿಂದಿನ 12 ತಿಂಗಳಲ್ಲಿ ನಿಮ್ಮ ಆದಾಯ ಮತ್ತು ಪಡೆದ ಬಂಡವಾಳ 2 ಲಕ್ಷ ಡಾಲರ್ ದಾಟದಿದ್ದರೆ ಉಚಿತ. ದಾಟಿದರೆ ಪ್ರೊ ಆವೃತ್ತಿ ಕೊಳ್ಳಬೇಕು. 2025ರ ಜನವರಿಯಲ್ಲಿ ಅದರ ಬೆಲೆ ಒಬ್ಬರಿಗೆ ವರ್ಷಕ್ಕೆ 2,200 ಡಾಲರ್‌ಗೆ ಏರಿತು. ಎರಡು ಆಯಾಮದ ಆಟಕ್ಕೆ ಇನ್ನೊಂದು ಎಂಜಿನ್ ಆದ ಗೇಮ್‌ಮೇಕರ್ ಬಳಸುವುದಾದರೆ ಕಲಿಯಲು ಹಣ ಬೇಡ, ಮಾರುವಾಗ ಒಂದೇ ಸಲ 99.99 ಡಾಲರ್.

ಇನ್ನು ಅನ್‌ರಿಯಲ್‌ನ ಶೇಕಡಾ 5. ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ನಮ್ಮ ಕಡೆ ಅತಿ ಹೆಚ್ಚು ತಪ್ಪಾಗಿ ಹಬ್ಬಿರುವ ಮಾತು ಇದೇ.

ಸಕಲೇಶಪುರದ ಹುಡುಗನೊಬ್ಬ ನಾಲ್ಕು ತಿಂಗಳು ಅನ್‌ರಿಯಲ್‌ನಲ್ಲಿ ಕೆಲಸ ಮಾಡಿ, ಘಾಟಿಯ ಮಂಜಿನಲ್ಲಿ ಲಾರಿ ಓಡಿಸುವ ಆಟವನ್ನು ಅರ್ಧಕ್ಕೆ ತಂದಿದ್ದ. ಒಂದು ಭಾನುವಾರ ಬಂದು, ಎಲ್ಲವನ್ನೂ ಬಿಟ್ಟು ಬೇರೆ ಎಂಜಿನ್‌ನಲ್ಲಿ ಮೊದಲಿನಿಂದ ಶುರು ಮಾಡುತ್ತೇನೆ ಎಂದ. ಏಕೆಂದು ಕೇಳಿದರೆ ಅದೇ ಶೇಕಡಾ 5. ಬಿಳಿ ಹಾಳೆಯೊಂದನ್ನು ಅವನ ಮುಂದಿಟ್ಟೆ. ಆಟಕ್ಕೆ ಎಷ್ಟು ಬೆಲೆ ಇಡುತ್ತೀಯ ಎಂದೆ. 400 ರೂಪಾಯಿ ಎಂದು ಬರೆದ. ಅನ್‌ರಿಯಲ್‌ಗೆ ಪಾಲು ಕೊಡುವುದು ಶುರುವಾಗುವುದು ಒಂದು ಆಟದ ಒಟ್ಟು ಮಾರಾಟ 10 ಲಕ್ಷ ಡಾಲರ್ ದಾಟಿದ ಮೇಲೆ. ಡಾಲರಿಗೆ 85 ರೂಪಾಯಿಯಂತೆ ಹಿಡಿದರೆ ಎಂಟೂವರೆ ಕೋಟಿ. 400ರಿಂದ ಭಾಗಿಸು ಎಂದೆ. ಭಾಗಿಸಿದ: 2,12,500 ಪ್ರತಿಗಳು. ಅಷ್ಟು ಮಾರಾಟವಾಗುವವರೆಗೆ ಅವನು ಕೊಡಬೇಕಾದದ್ದು ಏನೂ ಇಲ್ಲ. ಹುಡುಗ ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದು ಸುಮ್ಮನೆ ಕುಳಿತ.

ಆಮೇಲೆ ತಲೆಯೆತ್ತಿ, “ದಾಟಿದ ಮೇಲೆ ಹಿಂದಿನದಕ್ಕೂ ಸೇರಿಸಿ ಕೇಳುತ್ತಾರಲ್ಲ ಸರ್?” ಎಂದ. ಈ ತಪ್ಪು ಕಲ್ಪನೆಯ ಬೇರು ಇರುವುದೇ ಇಲ್ಲಿ. ಇಲ್ಲ, ಕೇಳುವುದಿಲ್ಲ. ಮೊದಲ 10 ಲಕ್ಷ ಡಾಲರ್ ಯಾವಾಗಲೂ ಲೆಕ್ಕದ ಹೊರಗೆ. ಆಟ 11 ಲಕ್ಷ ಡಾಲರ್‌ಗೆ ಮಾರಾಟವಾಯಿತು ಎಂದುಕೊಳ್ಳಿ. ಮೇಲಿನ 1 ಲಕ್ಷಕ್ಕೆ ಶೇಕಡಾ 5, ಅಂದರೆ 5,000 ಡಾಲರ್. ಅವನ ಮನಸ್ಸಿನಲ್ಲಿದ್ದದ್ದು 55,000. ಸಂಬಳ ಒಂದು ಹಂತ ದಾಟಿದರೆ ಇಡೀ ಸಂಬಳಕ್ಕೆ ಮೇಲಿನ ದರದ ತೆರಿಗೆ ಬೀಳುತ್ತದೆ ಎಂದು ಎಷ್ಟೋ ವಿದ್ಯಾವಂತರೂ ನಂಬಿದ್ದಾರೆ. ಇದು ಅದೇ ಜಾತಿಯ ತಪ್ಪು. ಇನ್ನೊಂದು ಮಾತು: ಈ ಮಿತಿ ಒಂದೊಂದು ಆಟಕ್ಕೂ ಪ್ರತ್ಯೇಕ. ಎರಡನೆಯ ಆಟ ಮಾಡಿದರೆ ಅದಕ್ಕೆ ಮತ್ತೆ ಸೊನ್ನೆಯಿಂದ ಲೆಕ್ಕ. ಯೂನಿಟಿಯ ಮಿತಿ ಹಾಗಲ್ಲ, ಅದು ನಿಮ್ಮ ಒಟ್ಟು ಆದಾಯವನ್ನು ನೋಡುತ್ತದೆ.

ಈ ಭಯಕ್ಕೆ ಹಳೆಯ ಕಾರಣವೊಂದು ಇದೆ. 2014ರಲ್ಲಿ ಅನ್‌ರಿಯಲ್ 4 ಬಳಸಲು ತಿಂಗಳಿಗೆ 19 ಡಾಲರ್ ಕಟ್ಟಬೇಕಿತ್ತು, ಮೇಲೆ ಗಳಿಕೆಯ ಶೇಕಡಾ 5. 2015ರಲ್ಲಿ ತಿಂಗಳ ಹಣ ಹೋಯಿತು, ಮೂರು ತಿಂಗಳಿಗೆ 3,000 ಡಾಲರ್‌ವರೆಗೆ ವಿನಾಯಿತಿ ಬಂತು. 10 ಲಕ್ಷದ ಮಿತಿ ಬಂದದ್ದು 2020ರ ಮೇ ತಿಂಗಳಲ್ಲಿ. ನಿಯಮ ಬದಲಾಗಿ ವರ್ಷಗಳಾದರೂ ಹಳೆಯ ಮಾತು ಬಾಯಿಂದ ಬಾಯಿಗೆ ಹೋಗುತ್ತಲೇ ಇದೆ. ನಮ್ಮಲ್ಲಿ ಅದು ಬೇಗ ನಾಟುವುದಕ್ಕೆ ವಾರಕ್ಕೆ, ಅಂದರೆ ಬೆಳೆಯಲ್ಲಿ ಒಡೆಯನಿಗೆ ಪಾಲು ಕೊಟ್ಟು, ಮಾಡುವ ಗದ್ದೆಯ ನೆನಪೂ ಕಾರಣವಿರಬೇಕು. ನೆಲ ಇನ್ನೊಬ್ಬರದ್ದಾದರೆ ಮೊದಲ ಮೂಟೆಯಲ್ಲೇ ಅವರ ಪಾಲು ಎಂದು ಮನಸ್ಸು ತಾನಾಗಿ ಹೇಳುತ್ತದೆ. ಎಂಜಿನ್ ಅಂಥ ನೆಲವಲ್ಲ. ಆಟ ನಿಮ್ಮದೇ.

ಹಾಗಾದರೆ ಅನ್‌ರಿಯಲ್‌ನಲ್ಲಿ ಎಚ್ಚರ ವಹಿಸಬೇಕಾದದ್ದು ಏನೂ ಇಲ್ಲವೇ? ಒಂದಿದೆ. ಆ ಶೇಕಡಾ 5 ನಿಮ್ಮ ಕೈಸೇರಿದ ಹಣದ ಮೇಲಲ್ಲ, ಒಟ್ಟು ಮಾರಾಟದ ಮೇಲೆ. ಮಂಡಿಯ ಪಟ್ಟಿಯನ್ನು ನೆನೆಸಿಕೊಳ್ಳಿ: ಆಲೂಗಡ್ಡೆ ಮಾರಿದ ಬೆಲೆ ಒಂದು, ಎಲ್ಲ ಕಳೆದು ರೈತನ ಕೈಗೆ ಬರುವ ಹಣ ಇನ್ನೊಂದು. ಮಿತಿ ದಾಟಿದ ಮೇಲೆ 100 ರೂಪಾಯಿಯ ಮಾರಾಟದಲ್ಲಿ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್ 30 ಇಟ್ಟುಕೊಳ್ಳುತ್ತದೆ, ನಿಮಗೆ 70 ಬರುತ್ತದೆ, ಆ ಎಪ್ಪತ್ತರಲ್ಲಿ 5 ಎಂಜಿನ್‌ಗೆ. ಅಂದರೆ ಕೈಸೇರಿದ್ದರಲ್ಲಿ ಶೇಕಡಾ 7ಕ್ಕಿಂತ ತುಸು ಹೆಚ್ಚು. ಅನ್‌ರಿಯಲ್ ಮಾಡಿದ ಎಪಿಕ್ ಕಂಪನಿಯ ಸ್ವಂತ ಅಂಗಡಿಯಲ್ಲಿ ಮಾರಿದ ಹಣಕ್ಕೆ ಈ ಪಾಲು ಇಲ್ಲ.

ಯೂನಿಟಿ ಬಗ್ಗೆಯೂ “ಪ್ರತಿ ಇನ್‌ಸ್ಟಾಲ್‌ಗೆ ಹಣ ಕಟ್ಟಬೇಕಂತೆ” ಎನ್ನುವವರಿದ್ದಾರೆ. 2023ರ ಸೆಪ್ಟೆಂಬರ್ 12ರಂದು ಅಂಥ ಶುಲ್ಕವನ್ನು ಘೋಷಿಸಿದ್ದು ನಿಜ. ಪ್ರಪಂಚದ ಎಲ್ಲೆಡೆ ಆಟ ಮಾಡುವವರು ತಿರುಗಿಬಿದ್ದರು, ಹತ್ತೇ ದಿನದಲ್ಲಿ ನಿಯಮ ಸಡಿಲವಾಯಿತು, ಸರಿಯಾಗಿ ಒಂದು ವರ್ಷದ ನಂತರ ಅದನ್ನು ಪೂರ್ತಿ ರದ್ದು ಮಾಡಿದರು. ಅದು ಮುಗಿದ ಕಥೆ.

ನಿಮ್ಮ ಜೇಬಿನಿಂದ ಮೊದಲು ಹೋಗುವ ಹಣ ಎಂಜಿನ್‌ಗಲ್ಲ, ಅಂಗಡಿಗೆ. ಸ್ಟೀಮ್‌ನಲ್ಲಿ ಪ್ರತಿ ಆಟಕ್ಕೆ 100 ಡಾಲರ್; ಆಟ 1,000 ಡಾಲರ್ ಗಳಿಸಿದರೆ ಅದು ವಾಪಸು. ಗೂಗಲ್ ಪ್ಲೇ ಖಾತೆಗೆ ಒಂದೇ ಸಲ 25 ಡಾಲರ್. ಆ್ಯಪಲ್‌ಗೆ ವರ್ಷಕ್ಕೆ 99. ಅಮೆರಿಕದ ಗ್ರಾಹಕರಿಂದ ಬರುವ ಹಣಕ್ಕೆ ಅಲ್ಲಿನ ತೆರಿಗೆ ಮುರಿಯುವುದೂ ಉಂಟು. ಸ್ಟೀಮ್‌ನ ತೆರಿಗೆ ನಮೂನೆಯಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಭಾರತ-ಅಮೆರಿಕ ಒಪ್ಪಂದದ ದರ ಕೇಳಿದರೆ ಶೇಕಡಾ 30ರ ಬದಲು 15 ಮುರಿಯುತ್ತಾರೆ. ಅನ್‌ರಿಯಲ್‌ನ 5ಕ್ಕೆ ನಿದ್ದೆಗೆಟ್ಟವರು ಈ ನಮೂನೆಯನ್ನು ಮಾತ್ರ ಓದದೆ ತುಂಬುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ: ನಿಮ್ಮ ಆಟದಲ್ಲಿ ಕನ್ನಡ ಇರುತ್ತದೆಯೇ? ಇದ್ದರೆ ಪರವಾನಗಿಗಿಂತ ಇದೇ ದೊಡ್ಡ ಖರ್ಚು. ನನ್ನ ತರಗತಿಯ ಹುಡುಗಿಯೊಬ್ಬಳು ಯೂನಿಟಿಯಲ್ಲಿ ಬಸ್ಸಿನ ಆಟ ಮಾಡುತ್ತಿದ್ದಳು. ಬಸ್ಸಿನ ನೆತ್ತಿಯ ಫಲಕದಲ್ಲಿ “ಚಿಕ್ಕಮಗಳೂರು” ಎಂದು ಬರೆದರೆ ಕಕಾರದ ಒತ್ತು ಕೆಳಗಿಳಿಯದೆ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು, ಗುಡಿಸು ಅಕ್ಷರಕ್ಕೆ ಅಂಟದೆ ತೇಲುತ್ತಿತ್ತು. ಯೂನಿಟಿಯಲ್ಲಿ ಪರದೆಯ ಮೇಲೆ ಅಕ್ಷರ ಮೂಡಿಸಲು ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಲಿಪಿಯ ಅಕ್ಷರ ಜೋಡಣೆಯನ್ನು ಮಾಡುವುದಿಲ್ಲ. ಪ್ರತಿ ಫಲಕವನ್ನೂ ಚಿತ್ರವಾಗಿ ಬರೆದು ಅಂಟಿಸುತ್ತಾ ಮೂರು ವಾರ ಕಳೆದಳು. 2023ರಲ್ಲಿ ಬಂದ ಗೊಡಾಟ್ 4ರಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಒಳಗೇ ಇದೆ, ಅನ್‌ರಿಯಲ್‌ನಲ್ಲೂ ಇದೆ. ಫಾಂಟ್‌ಗೆ ನೋಟೊ ಸ್ಯಾನ್ಸ್ ಕನ್ನಡ ತೆಗೆದುಕೊಳ್ಳಿ. ಅದರ ಮುಕ್ತ ಪರವಾನಗಿ ಮಾರುವ ಆಟದೊಳಗೆ ಸೇರಿಸಲೂ ಒಪ್ಪುತ್ತದೆ. ಎಲ್ಲಿಂದಲೋ ಇಳಿಸಿಕೊಂಡ ಚೆಂದದ ಫಾಂಟ್‌ಗೆ ಆ ಅನುಮತಿ ಇರಲೇಬೇಕೆಂದಿಲ್ಲ.

ಎಂಜಿನ್ ಆರಿಸುವ ಮೊದಲು ಖಾಲಿ ಪರದೆಯ ಮೇಲೆ ಒಂದು ಸಾಲು ಕನ್ನಡ ಬರೆದು ನೋಡಿ. “ಹಾಸನ”, “ಅರಸೀಕೆರೆ” ಬರೆದರೆ ಏನೂ ಗೊತ್ತಾಗುವುದಿಲ್ಲ, ಅವುಗಳಲ್ಲಿ ಒತ್ತಕ್ಷರವೇ ಇಲ್ಲ. “ಚಿಕ್ಕಮಗಳೂರು”, “ಶ್ರವಣಬೆಳಗೊಳ”, “ಸೂರ್ಯ” ಈ ಮೂರನ್ನು ಬರೆಯಿರಿ.