ಸೇನೆ ಕರೆಸುವ ಪತ್ರ ಸಂಸತ್ತಿನವರೆಗೆ ಹೋಗುವುದಿಲ್ಲ

2018ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿಕೊಂಡಾಗ ಅಗ್ನಿಶಾಮಕ ದಳದ ಜೊತೆ ಸೈನಿಕರೂ ಇಳಿದರು. ಆ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗಲೂ ಸೇನೆ ಬಂತು. ಇಂಥ ನೆರವಿಗೆ ಯಾರ ತಕರಾರೂ ಇಲ್ಲ. ಅದೇ ಸೈನಿಕರನ್ನು ಬಂದೂಕು ಸಮೇತ ಗಲಭೆಯ ಬೀದಿಗೆ ಕರೆಸಿದರೆ ಲೆಕ್ಕ ಕೇಳುವವರು ಯಾರು ಎಂಬುದು ಬೇರೆಯೇ ಪ್ರಶ್ನೆ.

ಕರೆಸುವ ಕ್ರಮ ಸರಳ. ಪೊಲೀಸರಿಂದ ಗುಂಪು ಚದುರದಿದ್ದರೆ, ಸ್ಥಳದಲ್ಲಿರುವ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಸೇನಾಧಿಕಾರಿಯನ್ನು ಕೋರಬಹುದು. ಇದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 149ನೇ ಕಲಂ. ಹಳೆಯ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) 130. ಹೇಗೆ ಚದುರಿಸಬೇಕೆಂದು ತೀರ್ಮಾನಿಸುವುದು ಸೇನಾಧಿಕಾರಿ. ಆದರೆ ಬಲ ಆದಷ್ಟೂ ಕಡಿಮೆ, ಜೀವಕ್ಕೂ ಆಸ್ತಿಗೂ ಹಾನಿ ಆದಷ್ಟೂ ಕಡಿಮೆ ಇರಬೇಕು. ಮ್ಯಾಜಿಸ್ಟ್ರೇಟರನ್ನು ಸಂಪರ್ಕಿಸಲು ಆಗದೇ ಹೋದರೆ ಅಧಿಕಾರಿಯೇ ಮುಂದಾಗಬಹುದು (150). ಸಂಪರ್ಕ ಸಿಕ್ಕ ಕೂಡಲೇ, ಮುಂದುವರಿಸಬೇಕೇ ಬೇಡವೇ ಎಂದು ಅವರ ಮಾತು ಕೇಳಬೇಕು. ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ರಕ್ಷಣೆಯಿದೆ, ಮೊಕದ್ದಮೆ ಹೂಡಲು ಕೇಂದ್ರದ ಅನುಮತಿ ಬೇಕು (151). ಈ ಕಲಂಗಳಲ್ಲಿ ಎಲ್ಲಿ ಹುಡುಕಿದರೂ ಸಂಸತ್ತಿನ ಹೆಸರಿಲ್ಲ.

ಇದರ ಬೇರು ವಸಾಹತು ಕಾಲದ ದಂಡ ಪ್ರಕ್ರಿಯಾ ಸಂಹಿತೆಗಳಲ್ಲಿದೆ. ಆಗ ಶಾಸಕಾಂಗದ ವಿಚಾರಣೆ ಏನಿದ್ದರೂ ಹೆಣ ಬಿದ್ದ ಮೇಲೆ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಡೈಯರ್‌ನ ಪಡೆ 1,650 ಸುತ್ತು ಗುಂಡು ಹಾರಿಸಿತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 379. ಸೆಪ್ಟೆಂಬರ್‌ನಲ್ಲಿ ಶಾಸನಸಭೆ ಅಧಿಕಾರಿಗಳನ್ನು ಹೊಣೆಯಿಂದ ಬಿಡಿಸುವ ಕಾಯ್ದೆ ಮಾಡಿತು. 1920ರ ಜುಲೈನಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆ ಡೈಯರ್ ವಿರುದ್ಧದ ಸರ್ಕಾರದ ಕ್ರಮಕ್ಕೆ ಒಪ್ಪಿಗೆ ಕೊಟ್ಟರೆ, ಲಾರ್ಡ್ಸ್ ಸಭೆ ಅವನ ಪರ ನಿಂತಿತು. ಸೇನಾಡಳಿತದ ಕಾಲದ ಕೃತ್ಯಗಳಿಗೆ ಸಂಸತ್ತು ಕ್ಷಮೆ ಕೊಡಬಹುದು ಎಂಬ ಅಂಥದೇ ಅಧಿಕಾರ ನಮ್ಮ ಸಂವಿಧಾನದ 34ನೇ ವಿಧಿಯಲ್ಲಿ ಉಳಿದುಕೊಂಡಿದೆ. ಕ್ಷಮಿಸುವ ಅಧಿಕಾರ ಬರೆದಿಟ್ಟವರು ಮೊದಲೇ ಕೇಳುವ ಅಧಿಕಾರವನ್ನೂ ಬರೆದಿಡಬೇಕಿತ್ತು.

ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿ ರಾಜ್ಯಗಳೊಳಗೆ ಪಡೆ ಇಳಿಸುವ ಅಧಿಕಾರವನ್ನು ಕೇಂದ್ರಕ್ಕೆ 257ಎ ವಿಧಿಯ ಮೂಲಕ ಕೊಟ್ಟಿತು. 1978ರ 44ನೇ ತಿದ್ದುಪಡಿ ಆ ವಿಧಿಯನ್ನು ತೆಗೆದುಹಾಕಿತು. ಸಂವಿಧಾನದ ಕೇಂದ್ರ ಪಟ್ಟಿಗೆ (ಕೇಂದ್ರದ ಅಧಿಕಾರದ ವಿಷಯಗಳ ಪಟ್ಟಿ) ಸೇರಿಸಿದ್ದ, ರಾಜ್ಯಗಳಲ್ಲಿ ಪಡೆ ಇಳಿಸುವ ವಿಷಯದ 2ಎ ನಮೂದನ್ನು ಮಾತ್ರ ಮುಟ್ಟಲಿಲ್ಲ. ತುರ್ತು ಪರಿಸ್ಥಿತಿ ಘೋಷಣೆಗೆ ಒಂದು ತಿಂಗಳೊಳಗೆ, ರಾಷ್ಟ್ರಪತಿ ಆಳ್ವಿಕೆಗೆ ಎರಡು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆ ಬೇಕು. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯಡಿ (1958) ಒಂದು ಪ್ರದೇಶವನ್ನು ‘ಗಲಭೆಪೀಡಿತ’ ಎಂದು ಸಾರಲು ಅದು ಬೇಡ. ಆರು ತಿಂಗಳಿಗೊಮ್ಮೆ ಮರುಪರಿಶೀಲಿಸಿ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಾದರೂ, ಪರಿಶೀಲಿಸುವುದು ಘೋಷಿಸಿದ ಸರ್ಕಾರವೇ.

ಸಂಸದರ ಕೈಯಲ್ಲಿ ಉಳಿಯುವುದು ಪ್ರಶ್ನೋತ್ತರ, ಗಮನ ಸೆಳೆಯುವ ಸೂಚನೆ ಮತ್ತು 1993ರಿಂದಿರುವ ಇಲಾಖಾವಾರು ಸ್ಥಾಯಿ ಸಮಿತಿಗಳು. ಸಮಿತಿಗಳಿಗೆ ದೈನಂದಿನ ಆಡಳಿತ ನಿಷಿದ್ಧ. ಕೇಂದ್ರಕ್ಕೆ ಪ್ರಶ್ನೆ ಹಾಕಿದರೆ ‘ಸುವ್ಯವಸ್ಥೆ ರಾಜ್ಯದ ವಿಷಯ’ ಎನ್ನಲು ದಾರಿಯಿದೆ. ವಿಧಾನಸೌಧದಲ್ಲಿ ಕೇಳಿದರೆ ಸೇನೆ ಕೇಂದ್ರದ್ದು. ವಾಸ್ತವದಲ್ಲಿ ರಾಜ್ಯ ಪಟ್ಟಿಯ ಮೊದಲ ನಮೂದೇ ನಾಗರಿಕ ಆಡಳಿತಕ್ಕೆ ನೆರವಾಗಿ ಸೇನೆ ಬಳಸುವುದನ್ನು ಹೊರಗಿಟ್ಟಿದೆ. ಹಾಗಾಗಿ ಉತ್ತರ ಕೊಡಬೇಕಾದ್ದು ಕೇಂದ್ರವೇ.

ಜರ್ಮನಿಯಲ್ಲಿ 1968ರಿಂದ, ಆಂತರಿಕ ದಂಗೆಗೆ ಇಳಿಸಿದ ಸೇನೆಯನ್ನು ಸಂಸತ್ತಿನ ಯಾವುದೇ ಒಂದು ಸದನ ಕೇಳಿದರೂ ಹಿಂತೆಗೆಯಬೇಕು. ದಕ್ಷಿಣ ಆಫ್ರಿಕದ ಸಂವಿಧಾನದ 201ನೇ ಕಲಂ ಇನ್ನೂ ಖಚಿತ: ಪೊಲೀಸರ ನೆರವಿಗೆ ಸೇನೆ ಕಳಿಸಿದ ಅಧ್ಯಕ್ಷರು ಕಾರಣ, ಸ್ಥಳ, ಸೈನಿಕರ ಸಂಖ್ಯೆ, ಅವಧಿ ಈ ನಾಲ್ಕನ್ನೂ ವಿಳಂಬವಿಲ್ಲದೆ ಸಂಸತ್ತಿಗೆ ತಿಳಿಸಬೇಕು. ಏಳು ದಿನದೊಳಗೆ ಸಂಸತ್ತು ಸೇರದಿದ್ದರೆ ಸಂಬಂಧಪಟ್ಟ ಸಮಿತಿಗೆ. 2021ರ ಜುಲೈ ಗಲಭೆಗೆ 25,000 ಸೈನಿಕರನ್ನು ಇಳಿಸಿದಾಗ ಇದ್ದದ್ದೂ ಇದೇ ನಿಯಮ. ನಮ್ಮಲ್ಲಿ ಇದಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ. 149ನೇ ಕಲಮಿಗೆ ಒಂದು ಉಪಕಲಂ ಸೇರಿಸಿ, ಮ್ಯಾಜಿಸ್ಟ್ರೇಟರ ಕೋರಿಕೆಯ ಪ್ರತಿ ಮತ್ತು ಆ ನಾಲ್ಕು ವಿವರ ಏಳು ದಿನದಲ್ಲಿ ಎರಡೂ ಸದನಗಳ ಮುಂದೆ ಬರಬೇಕು ಎಂದರೆ ಸಾಕು.