ಔಷಧಿ ಎಳೆಯುವ ಮೊದಲು ಬಾಟಲಿಗೆ ಗಾಳಿ ಯಾಕೆ?

ಪ್ರಶ್ನೆ: ನರ್ಸ್ ಸಿರಿಂಜಿಗೆ ಗಾಳಿ ಎಳೆದುಕೊಂಡು ಅದನ್ನು ಇಂಜೆಕ್ಷನ್ ಬಾಟಲಿಯೊಳಗೆ ಬಿಟ್ಟರು. ಆಮೇಲೆ ಔಷಧಿ ಎಳೆದರು. ಗಾಳಿಯಲ್ಲಿ ಕ್ರಿಮಿ ಇರುತ್ತವೆ ಅಲ್ವಾ? ಹಾಗಿದ್ದರೂ ಯಾಕೆ ಹೀಗೆ ಮಾಡ್ತಾರೆ?

ಇಲ್ಲಿ ಎರಡು ಪ್ರಶ್ನೆಗಳಿವೆ. ಸುಲಭದ್ದನ್ನು ಮೊದಲು ಮುಗಿಸೋಣ.

ನೀವು ನೋಡಿದ ಬಾಟಲಿಗೆ ವೈಯಲ್ ಅಂತಾರೆ. ಬಾಯಿಗೆ ರಬ್ಬರ್ ಬಿರಡೆ, ಅದನ್ನು ಬಿಗಿದ ಅಲ್ಯೂಮಿನಿಯಂ ಪಟ್ಟಿ. ಗಾಳಿ ಒಳಗೆ ಹೋಗಲ್ಲ, ಹೊರಗೂ ಬರಲ್ಲ. 2 ಮಿ.ಲೀ. ಔಷಧಿ ಎಳೆದರೆ ಆ ಜಾಗ ತುಂಬಲು ಒಳಗೆ ಏನೂ ಇಲ್ಲ. ಒತ್ತಡ ಇಳಿಯುತ್ತದೆ, ಎಳೆದ ಪ್ಲಂಜರ್ (ಸಿರಿಂಜಿನೊಳಗೆ ಹಿಂದೆ ಮುಂದೆ ಜಾರುವ ಭಾಗ) ಕೈ ಬಿಟ್ಟ ಕೂಡಲೇ ವಾಪಸ್ ಜಾರುತ್ತದೆ. ಅದಕ್ಕೇ ಎಷ್ಟು ಔಷಧಿ ಬೇಕೋ ಸುಮಾರು ಅಷ್ಟೇ ಗಾಳಿ ಮೊದಲು ಹಾಕುವುದು. ಜಾಸ್ತಿ ಆದರೂ ಕಷ್ಟ. ಕಲಿಯುವಾಗ ನಾನು ಧಾರಾಳವಾಗಿ ಗಾಳಿ ತುಂಬಿದ್ದೆ. ಸೂಜಿ ಹೊರಗೆ ತೆಗೆದದ್ದೇ ತಡ, ಪಿಚಕಾರಿ ಹಾಗೆ ಚಿಮ್ಮಿ ಕನ್ನಡಕವೆಲ್ಲ ಒದ್ದೆ. ಪುಣ್ಯಕ್ಕೆ ಅದು ಅಭ್ಯಾಸದ ನೀರು. ಕ್ಯಾನ್ಸರ್ ಔಷಧಿಗಳಿಗೆ ಇದೇ ಭಯದಿಂದ ಬೇಕಂತಲೇ ಸ್ವಲ್ಪ ಕಡಿಮೆ ಗಾಳಿ ಹಾಕುತ್ತಾರೆ.

ಪುಡಿ ಇರುವ ವೈಯಲ್‌ನಲ್ಲಿ ಲೆಕ್ಕ ಉಲ್ಟಾ. ನೀರು ಒಳಗೆ ಹೋದಷ್ಟು ಗಾಳಿ ಹೊರಗೆ ಬರಬೇಕು. ಕೆಲವು ಪುಡಿ ವೈಯಲ್‌ಗಳೊಳಗೆ ಮೊದಲೇ ಗಾಳಿ ತೆಗೆದಿರುತ್ತಾರೆ. ಸೂಜಿ ಚುಚ್ಚಿದರೆ ಸಾಕು, ನೀರನ್ನು ಅವೇ ಸೊರ್ರನೆ ಎಳೆದುಕೊಳ್ಳುತ್ತವೆ. ಆಂಪ್ಯೂಲ್‌ಗೆ, ಅಂದರೆ ಬಿರಡೆಯಿಲ್ಲದ ಪೂರ್ತಿ ಗಾಜಿನ ಪುಟ್ಟ ಬಾಟಲಿಗೆ, ಈ ಗೋಜೇ ಇಲ್ಲ. ಕುತ್ತಿಗೆ ಮುರಿದ ಮೇಲೆ ಅದು ತೆರೆದ ಪಾತ್ರೆ. ಅಲ್ಲಿನ ತಲೆನೋವು ಗಾಜಿನ ಚೂರು. ಹಾಗಾಗಿ ಸಾಮಾನ್ಯವಾಗಿ 5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಜಾಲರಿ ಇರುವ ಫಿಲ್ಟರ್ ಸೂಜಿಯಲ್ಲಿ ಎಳೆದು, ಕೊಡುವ ಮೊದಲು ಸೂಜಿ ಬದಲಿಸುತ್ತಾರೆ.

ಈಗ ಕ್ರಿಮಿಯ ವಿಷಯ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಡ್ರಿಪ್ ಬಾಟಲಿಗೆ ಬೆರೆಸುವಂಥ ಔಷಧಿಗಳನ್ನು ತಯಾರಿಸುವ ಕಡೆ ಗಾಳಿಯನ್ನೇ ಸೋಸುತ್ತಾರೆ. ಅಲ್ಲಿ ಕೆಲಸ ಮಾಡುವ ಮೇಜಿನ ಹೆಸರು ಲ್ಯಾಮಿನಾರ್ ಏರ್‌ಫ್ಲೋ ಹುಡ್. ಅದರ ಹಿಂದಿನ ಗೋಡೆಯಲ್ಲಿ ಹೆಪಾ ಫಿಲ್ಟರ್ ಇರುತ್ತದೆ, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುವಂಥದ್ದು. ಅಲ್ಲಿಂದ ಗಾಳಿ ಸುಳಿಯಿಲ್ಲದೆ, ಒಂದೇ ದಿಕ್ಕಿನಲ್ಲಿ ನಿಮ್ಮ ಕಡೆ ಹರಿದು ಬರುತ್ತದೆ. ಫಿಲ್ಟರಿನಿಂದ ಬಂದು ಇನ್ನೂ ಯಾವುದಕ್ಕೂ ತಾಗದ ಗಾಳಿಗೆ ಫಸ್ಟ್ ಏರ್ ಅಂತಾರೆ. ಇಡೀ ಕೆಲಸದ ಗುಟ್ಟು ಇದೇ. ಫಿಲ್ಟರಿಗೂ ಬಿರಡೆಗೂ ಮಧ್ಯೆ ಕೈ ಬಂತೋ, ಬಿರಡೆಗೆ ತಾಗುವುದು ನಿಮ್ಮ ಕೈ ತೊಳೆದು ಬಂದ ಗಾಳಿ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಇನ್ನೊಂದು ತಪ್ಪು ಪ್ಲಂಜರಿನ ಕಡ್ಡಿ ಮುಟ್ಟುವುದು. ಆ ಕಡ್ಡಿಯೇ ತಾನೆ ಸಿರಿಂಜಿನ ಕೊಳವೆಯೊಳಗೆ ಹೋಗುವುದು? ಹಿಡಿಯಬೇಕಾದ್ದು ತುದಿಯ ಚಪ್ಪಟೆ ಬಿಲ್ಲೆಯನ್ನು ಮಾತ್ರ.

ವಾರ್ಡಿನಲ್ಲಿ ಹುಡ್ ಇರಲ್ಲ. ನೀವು ನೋಡಿದ್ದು ಬರೀ ಕೋಣೆಯ ಗಾಳಿಯೇ. ಅಲ್ಲಿ ಗಾಳಿಗಿಂತ ಬಿರಡೆ ಮೇಲಿನ ಕೊಳೆ, ಬೆರಳಿನ ಕೊಳೆಗೆ ಹೆಚ್ಚು ಹೆದರಬೇಕು. ಅದಕ್ಕೇ ಸ್ಪಿರಿಟ್ ಹತ್ತಿ. ಮೇಲಿನ ಮುಚ್ಚಳ ಹೊಸದಾಗಿ ಕಿತ್ತರೂ ಬಿರಡೆ ಒರೆಸಲೇಬೇಕು. ಅದು ಸುಮ್ನೆ ಧೂಳು ತಡೆಯುವ ಮುಚ್ಚಳ. ಸ್ಪಿರಿಟ್ ಶೇ. 70ರದ್ದೇ ಒಳ್ಳೆಯದು. ಅದರಲ್ಲಿನ ನೀರಿನಿಂದ ಸ್ಪಿರಿಟ್ ಬೇಗ ಆರಲ್ಲ, ಕ್ರಿಮಿ ಸಾಯಲು ಸಮಯ ಸಿಗುತ್ತದೆ. ತಾನಾಗಿ ಒಣಗುವವರೆಗೆ ಕಾಯಬೇಕು. ಊದಿ ಒಣಗಿಸುವವರನ್ನೂ ನೋಡಿದ್ದೇನೆ, ಅಷ್ಟು ಒರೆಸಿದ್ದೆಲ್ಲ ದಂಡ.

ಹೀಗೆ ಎಳೆದದ್ದನ್ನು ತಡಮಾಡದೆ ಕೊಡುತ್ತಾರೆ. ಒಂದೆರಡು ಕ್ರಿಮಿ ಹೋಗಿದ್ದರೂ ಬೆಳೆಯಲು ಹೊತ್ತು ಸಿಗಬಾರದು. ಒಬ್ಬರಿಗೆ ಒಂದೇ ಸಲಕ್ಕೆ ಅಂತ ಇರುವ ವೈಯಲ್‌ನಲ್ಲಿ ಕ್ರಿಮಿ ತಡೆಯುವ ರಾಸಾಯನಿಕ ಸಾಮಾನ್ಯವಾಗಿ ಇರಲ್ಲ, ಉಳಿದದ್ದನ್ನು ಎಸೆಯುತ್ತಾರೆ. ಹಲವು ಸಲ ಬಳಸುವ ವೈಯಲ್‌ನಲ್ಲಿ ಇರುತ್ತದೆ. ಲೇಬಲ್ ಬೇರೆ ಹೇಳದಿದ್ದರೆ ಚುಚ್ಚಿದ ದಿನದಿಂದ 28 ದಿನ ಅದರ ಆಯಸ್ಸು. ಅಂಥ ವೈಯಲ್ ಮೇಲೆ ಪೆನ್ನಲ್ಲಿ ಗೀಚಿದ ತಾರೀಕು ಆ ಲೆಕ್ಕಕ್ಕೇ.