ಕೆನ್ಯಾದ ಸಣ್ಣ ರೈತರ ಕಾಫಿ: ಹಣ್ಣಿನಿಂದ ಒಣ ಪಾರ್ಚ್‌ಮೆಂಟ್‌ವರೆಗೆ (ತೇವಾಂಶದ ಲೆಕ್ಕ ಬಿಡಿಸಿ ಬರೆದಿದೆ)

ಪಾರ್ಚ್‌ಮೆಂಟ್ ಎಂದರೆ ಒಳಗಿನ ತೆಳು ಗಟ್ಟಿ ಸಿಪ್ಪೆ ಇನ್ನೂ ಅಂಟಿಕೊಂಡಿರುವ ಕಾಫಿ ಬೀಜ.

ಪ್ರದೇಶ: ಕೆನ್ಯಾ ಪರ್ವತ ಮತ್ತು ಅಬರ್‌ಡೇರ್ ಸಾಲಿನ ಇಳಿಜಾರು. ನ್ಯೇರಿ, ಕಿರಿನ್ಯಾಗಾ, ಮುರಾಂಗಾ ಕೌಂಟಿಗಳು (ನಮ್ಮ ಜಿಲ್ಲೆಗಳಂತೆ). ಒಂದೊಂದು ಮನೆಗೆ ಕೆಲವು ನೂರು ಗಿಡ, ಅಷ್ಟೇ. ಹಣ್ಣು ಕೊಯ್ದ ದಿನವೇ ಸಹಕಾರ ಸಂಘದ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ) ಘಟಕಕ್ಕೆ ಹೋಗುತ್ತದೆ. ಆ ಘಟಕಕ್ಕೆ ಅಲ್ಲಿ ‘ಫ್ಯಾಕ್ಟರಿ’ ಎನ್ನುತ್ತಾರೆ.

ತಳಿ: ಎಸ್‌ಎಲ್ 28, ಎಸ್‌ಎಲ್ 34 ರುಚಿಗೆ ಹೆಸರುವಾಸಿ, ಆದರೆ ಎಲೆ ತುಕ್ಕಿಗೂ ಕಾಯಿರೋಗಕ್ಕೂ ಬೇಗ ತುತ್ತಾಗುತ್ತವೆ. ಈ ಎರಡೂ ರೋಗಗಳನ್ನು ತಡೆಯಲೆಂದೇ ರುಯಿರು 11 (1985), ಬಟಿಯಾನ್ (2010) ತಳಿಗಳು ಬಂದವು. ಈ ಕಾಯಿರೋಗ ಹಸಿರು ಕಾಯಿಯನ್ನೇ ಕಪ್ಪಾಗಿಸುತ್ತದೆ. ಮಲೆನಾಡಿನ ತೋಟಗಳ ಕೊಳೆರೋಗವೇ ಇದು ಅಂದುಕೊಳ್ಳಬೇಡಿ, ಶಿಲೀಂಧ್ರ ಬೇರೆ.

ಹುದುಗು: ಹಸಿರು, ಅರೆಹಣ್ಣು, ಒಣಗಿದ್ದು ಆರಿಸಿ ತೆಗೆದ ಮೇಲೆ ಪಲ್ಪರ್. ಸಿಪ್ಪೆ ಬಿಟ್ಟ ಬೀಜ ಲೋಳೆಯ ಸಮೇತ ತೊಟ್ಟಿಯಲ್ಲಿ ರಾತ್ರಿಯಿಡೀ ಇರುತ್ತದೆ. ಚಳಿ ಹೆಚ್ಚಿದ್ದರೆ ಇನ್ನೂ ಹೊತ್ತು ಹಿಡಿಯುತ್ತದೆ, ಹಾಗಾಗಿ ಗಡಿಯಾರವನ್ನು ನಂಬದೆ ಕೈಯನ್ನು ನಂಬಿ. ಒಂದು ಹಿಡಿ ತೊಳೆದು ಉಜ್ಜಿದಾಗ ಜಾರದೆ ಗರಗರ ಎಂದರೆ ಆಯಿತು. ತಡವಾದರೆ ಹುಳಿ ವಾಸನೆ ಬೀಜಕ್ಕೆ ಹಿಡಿಯುತ್ತದೆ, ಮುಂದೆ ಎಷ್ಟು ತೊಳೆದರೂ ಹೋಗದು. ತೊಳೆದ ಬಳಿಕ ಹಲವು ಘಟಕಗಳು ಶುದ್ಧ ನೀರಿನಲ್ಲಿ ಮತ್ತೆ ನೆನೆಹಾಕುತ್ತವೆ.

ಒಣಗಿಸುವುದು: ಜಾಲರಿ ಮಂಚದ ಮೇಲೆ ಮೊದಲು ತೆಳುವಾಗಿ ಹರಡಿ ಮೇಲ್ನೀರು ಆರಿಸಬೇಕು. ತೇವಾಂಶ ಸುಮಾರು 45%ರಿಂದ 33%ಗೆ ಇಳಿಯುವ ಹಂತದಲ್ಲಿ ಬಿರುಬಿಸಿಲು ತಗುಲಿದರೆ ಪಾರ್ಚ್‌ಮೆಂಟ್ ಸಿಪ್ಪೆ ಸೀಳುತ್ತದೆ. ಅದಕ್ಕೇ ನಡುಹಗಲು ಮುಚ್ಚುವುದು, ಆಗಾಗ ಕೈಯಾಡಿಸುವುದು. ರಾತ್ರಿ ಮುಚ್ಚುವುದು ಇಬ್ಬನಿಗಾಗಿ. ಗುರಿ 11% ಆಸುಪಾಸು.

ಈಗ ಎಡವುವ ಜಾಗ. ತೇವಾಂಶದ ಮೀಟರ್ ಇಲ್ಲದಿದ್ದರೆ ತೂಕ ನೋಡಿ ಒಣಗಿದ್ದನ್ನು ತಿಳಿಯಬಹುದು: ಬಲೆಚೀಲದಲ್ಲಿ 10 ಕೆಜಿ ಹಸಿ ಪಾರ್ಚ್‌ಮೆಂಟ್ ಹಾಕಿ, ಅದೇ ಮಂಚದ ಮೇಲೆ ಅಷ್ಟೇ ತೆಳುವಾಗಿ ಹರವಿಟ್ಟು ದಿನವೂ ತೂಗುವುದು. ಶುರುವಿನ ತೇವಾಂಶ 55% ಎನ್ನೋಣ. 55ರಿಂದ 11 ಕಳೆದರೆ 44, ಅಂದರೆ 4.4 ಕೆಜಿ ಹೋಗಿ 5.6 ಕೆಜಿಗೆ ನಿಲ್ಲಿಸಬೇಕು ಅನ್ನಿಸುತ್ತದೆ. ತಪ್ಪು. 55% ಎಂಬುದು 10 ಕೆಜಿಯ ಶೇಕಡಾ, 11% ಎಂಬುದು ಉಳಿದ ತೂಕದ ಶೇಕಡಾ. ಬುಡವೇ ಬೇರೆಯಾದ ಎರಡು ಶೇಕಡಾಗಳನ್ನು ಕಳೆಯುವಂತಿಲ್ಲ.

ಬದಲಾಗದ್ದನ್ನು ಹಿಡಿಯಿರಿ: ಒಣ ಪದಾರ್ಥ. 10 ಕೆಜಿಯಲ್ಲಿ 55% ನೀರು ಬಿಟ್ಟರೆ ಅದು 4.5 ಕೆಜಿ. ಕೊನೆಯಲ್ಲಿ ಈ 4.5 ಕೆಜಿಯೇ ಒಟ್ಟು ತೂಕದ 89% ಆಗಬೇಕು. 4.5 ÷ 0.89 = 5.06 ಕೆಜಿ. 5.6ಕ್ಕೆ ನಿಲ್ಲಿಸಿದ್ದರೆ? ಅದರಲ್ಲಿ ನೀರು 1.1 ಕೆಜಿ, ಅಂದರೆ 19.6%. ಚೀಲ ಕಟ್ಟಿಟ್ಟರೆ ಬೂಸ್ಟು ಖಂಡಿತ.

ಇದೇ ಸೂತ್ರದಲ್ಲಿ ನಡುವಿನ ಹಂತಗಳೂ ಸಿಗುತ್ತವೆ: 45% ಆದಾಗ 8.18 ಕೆಜಿ, 33% ಆದಾಗ 6.72, 22% ಆದಾಗ 5.77. ಗಮನಿಸಿ, ಮೊದಲ ಹತ್ತು ಶೇಕಡಾ ಅಂಶಕ್ಕೆ (55ರಿಂದ 45) 1.82 ಕೆಜಿ ನೀರು ಹೋಗುತ್ತದೆ, ಕೊನೆಯ ಹನ್ನೊಂದಕ್ಕೆ (22ರಿಂದ 11) ಬರೀ 0.71. ಆದ್ದರಿಂದ ಕೊನೆಯ ದಿನಗಳಲ್ಲಿ ಒರಟು ತಕ್ಕಡಿ ಸಾಲದು, 10 ಗ್ರಾಂ ತೋರಿಸುವ ತಕ್ಕಡಿ ಬೇಕು.

ಇನ್ನೊಂದು ಅಪಾಯ: ಶುರುವಿನ 55% ಊಹೆಯಾಗಿದ್ದು, ನಿಜಕ್ಕೂ 53% ಇದ್ದರೆ ಒಣ ಪದಾರ್ಥ 4.7 ಕೆಜಿ. ಆಗ 5.06 ಕೆಜಿಯಲ್ಲಿ ತೇವಾಂಶ ಕೇವಲ 7.1%: ಅತಿಯಾಗಿ ಒಣಗಿ, ಸಿಪ್ಪೆ ತೆಗೆಯುವಾಗ ಪುಡಿಯಾಗುವ ಬೀಜ, ತೂಕವೂ ನಷ್ಟ. ಆರಂಭದ 2 ಅಂಶದ ತಪ್ಪು ಕೊನೆಗೆ 4 ಅಂಶ! ಸಾಧ್ಯವಾದರೆ ಸ್ವಲ್ಪ ಬೀಜವನ್ನು 105 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಶುರುವಿನ ತೇವಾಂಶ ಅಳೆದುಕೊಳ್ಳಿ.

ದರ್ಜೆ: ಎಎ, ಎಬಿ ಎಂಬವು ಜರಡಿಯ ಗಾತ್ರ. ಪಿಬಿ ಎಂದರೆ ಕಾಯಿಗೆ ಒಂದೇ ಗುಂಡು ಬೀಜ ಇರುವುದು. ಎಎ ಎಂದರೆ ದೊಡ್ಡ ಬೀಜ ಎಂದಷ್ಟೇ ಅರ್ಥ; ರುಚಿಯ ಅಂಕ ಬೇಕಿದ್ದರೆ ಹುರಿದ ಪುಡಿಗೆ ಬಿಸಿನೀರು ಹಾಕಿ ಕಪ್ಪಿಂಗ್ (ರುಚಿ ಪರೀಕ್ಷೆ) ಮಾಡಿಯೇ ನೋಡಬೇಕು.